ಎಲ್‌ಸ್ಯಾಟ್ ರಾತ್ರಿ ಕ್ಲಾಸು: ಐದಕ್ಕೆ ಮೂರು, ಅದೂ ಮೊದಲೆರಡು ವಾರದ ಪುಣ್ಯ

38ನೇ ವಯಸ್ಸಿಗೆ ಅಮೆರಿಕದ ಲಾ ಸ್ಕೂಲಿಗೆ ಅರ್ಜಿ ಹಾಕಲು ಹೊರಟವಳು ನಾನು. ಅಲ್ಲಿಗೆ ಬರೆಯುವ, ತರ್ಕ ಅಳೆಯುವ ಪ್ರವೇಶ ಪರೀಕ್ಷೆಯೇ ಎಲ್‌ಸ್ಯಾಟ್. ನ್ಯೂಜೆರ್ಸಿಯಲ್ಲಿ ಹಗಲೆಲ್ಲ ಕೆಲಸ, ಅದಕ್ಕೇ ಎಂಟು ವಾರದ ಆನ್‌ಲೈನ್ ರಾತ್ರಿ ಕ್ಲಾಸು ಸೇರಿದೆ. ಹೆಸರು ಬರೆಯಲ್ಲ, ಮುಂದೆ ಬಯ್ಯುವುದಿದೆ.

ನನ್ನ ರೋಗ 'ಓನ್ಲಿ ಇಫ್'. ಷರತ್ತಿನ ವಾಕ್ಯವನ್ನು 'ಎಡದ್ದು ನಿಜವಾದರೆ ಬಲದ್ದೂ ಖಂಡಿತ ನಿಜ' ಅಂತ ಬಾಣ ಎಳೆದು ಬರೆದುಕೊಳ್ಳುವ ಪದ್ಧತಿಯಿದೆ. ಆ ಪದ ಬಂದಲ್ಲೆಲ್ಲ ನನ್ನ ಬಾಣ ಉಲ್ಟಾ. 'ಟಿಕೆಟ್ ಇದ್ದರೆ ಮಾತ್ರ ಒಳಗೆ' ಅಂದರೆ ಕನ್ನಡದ ಕಿವಿ ಮೊದಲು ಹಿಡಿಯುವುದು ಆ 'ದ್ದರೆ'ಯನ್ನು. ತಕ್ಷಣ ಟಿಕೆಟ್ → ಒಳಗೆ ಅಂತ ಗೀಚುತ್ತಿದ್ದೆ. ಟಿಕೆಟ್ ಕೈಯಲ್ಲಿದ್ದೂ ಗೇಟಿನಾಚೆ ಉಳಿದವರಿಲ್ಲವೇ? ಒಳಗಿದ್ದವರ ಹತ್ತಿರ ಟಿಕೆಟ್ ಇದೆ ಅನ್ನುವುದಷ್ಟೇ ಖಾತ್ರಿ. ಒಳಗೆ → ಟಿಕೆಟ್.

ಮೊದಲೆರಡು ವಾರ ಮೇಷ್ಟ್ರು ಪ್ರಶ್ನೆಪತ್ರಿಕೆ ಮುಟ್ಟಿಸಲೇ ಇಲ್ಲ. ದಿನಕ್ಕೆ ನಲವತ್ತು ಬಿಡಿ ವಾಕ್ಯ. ಸುಳಿವಿನ ಪದಕ್ಕೆ ಸುತ್ತು ಹಾಕು, ಬಾಣ ಎಳೆ, ಆಮೇಲೆ ಎಡಬಲ ಅದಲುಬದಲು ಮಾಡಿ ಎರಡಕ್ಕೂ 'ಅಲ್ಲ' ಸೇರಿಸು: ಟಿಕೆಟ್ ಇಲ್ಲ → ಒಳಗಿಲ್ಲ. 'ಅನ್‌ಲೆಸ್' ಆದಮೇಲೆ ಬರುವುದನ್ನು ಅಲ್ಲಗಳೆದು ಎಡಕ್ಕೆ ಹಾಕು. 'ಓನ್ಲಿ ಇಫ್' ಆದಮೇಲಿನದು ಬಲಕ್ಕೆ, 'ದಿ ಓನ್ಲಿ' ಆದಮೇಲಿನದು ಮಾತ್ರ ಎಡಕ್ಕೆ. ಆ ಪುಟಾಣಿ 'ದಿ' ನನ್ನ ಎಷ್ಟು ಅಂಕ ನುಂಗಿದೆಯೋ.

ಸಂಸ್ಕೃತ ಓದಿಕೊಂಡ ಸೋದರಮಾವನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದರೆ ನಕ್ಕುಬಿಟ್ಟರು. "ಹೊಗೆ ಇದ್ದಲ್ಲಿ ಬೆಂಕಿ, ಸರಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಅಂದ್ಯೋ, ಕಾದ ಕಬ್ಬಿಣದ ಗುಂಡು ತೋರಿಸ್ತಾರೆ ಕಣೇ ನಮ್ಮ ಹಳೇ ತರ್ಕದ ನ್ಯಾಯಶಾಸ್ತ್ರದವರು, ಬೆಂಕಿ ಇದೆ, ಹೊಗೆ ಎಲ್ಲಿ ಅಂತ. ಇದಕ್ಕೆ ಡಾಲರ್ ಬೇರೆ ಕೊಟ್ಯಾ?"

ಮೂರನೇ ವಾರದಿಂದ ಕ್ಲಾಸು ಹಳಿ ತಪ್ಪಿತು. ಕಂಡ ಪ್ರಶ್ನೆಗೆಲ್ಲ ಬಾಣ! ವಾದವನ್ನು ದುರ್ಬಲಗೊಳಿಸುವ ಉತ್ತರ ಯಾವುದು ಅಂತ ಕೇಳಿದರೆ ಬಹುತೇಕ ಸಲ ಷರತ್ತೇ ಇರುವುದಿಲ್ಲ, ಅಲ್ಲೂ ಎಳೆಸಿದರು. 35 ನಿಮಿಷಕ್ಕೆ ಸುಮಾರು 25 ಪ್ರಶ್ನೆ, ಚಿತ್ರ ಬಿಡಿಸುತ್ತ ಕೂತರೆ ಮುಗಿಯಿತು ಕಥೆ. ಈಗ ನಾನು ಬಾಣ ಹಾಕುವುದು ಎರಡು ಮೂರು ಷರತ್ತು ಸರಪಳಿಯಾಗಿ ಬಂದಾಗಷ್ಟೇ. ಉಳಿದದ್ದಕ್ಕೆ ಪದ ಕಣ್ಣಿಗೆ ಬಿದ್ದರೆ ಸಾಕು.

ಇನ್ನೊಂದು ಸಿಟ್ಟು. ಲಾಜಿಕ್ ಗೇಮ್ಸ್ ಅನ್ನುವ ಒಗಟಿನಂಥ ಪ್ರಶ್ನೆಗಳ ವಿಭಾಗವನ್ನು ಪರೀಕ್ಷೆಯಿಂದ ತೆಗೆದದ್ದು 2024ರ ಆಗಸ್ಟಿನಲ್ಲಿ. ಇವರ ಪ್ಯಾಕೇಜಿನಲ್ಲಿ ಆ ವಿಡಿಯೊಗಳು ಇನ್ನೂ 'ಬೋನಸ್'! ಅಭ್ಯಾಸಕ್ಕೆ ಪರೀಕ್ಷೆ ನಡೆಸುವವರದೇ ಜಾಲತಾಣ ಲಾಹಬ್‌ನಲ್ಲಿ ಕೆಲವು ಹಳೆಯ ಪ್ರಶ್ನೆಪತ್ರಿಕೆ ಪುಕ್ಕಟೆ ಸಿಗುತ್ತವೆ, ಮೊದಲು ಅವನ್ನು ಮುಗಿಸಿ.

ಗೆಳತಿಗಾಗಿ ಮೊದಲೆರಡು ವಾರದ ಪಾಠವಷ್ಟೇ ಕೊಡ್ತೀರಾ ಅಂತ ವಿಚಾರಿಸಿದೆ. ಪೂರ್ತಿ ಫೀಸು ಕಟ್ಟಿದರೆ ಮಾತ್ರವಂತೆ.