ಜಾತ್ರೆಯ ‘ಜರ್ಮನಿ’ ಚಾಕು ಮತ್ತು ಉಳಿದ ನಾಲ್ಕು

ಎರಡು ವರ್ಷದ ಹಿಂದೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಒಂದು ಮಡಚುವ ಚಾಕು ಕೊಂಡೆ. ಅಲಗಿನ ಮೇಲೆ ‘ಜರ್ಮನಿ’ ಎಂದು ಕೆತ್ತಿತ್ತು. 350 ಹೇಳಿದರು, 280ಕ್ಕೆ ಕೊಟ್ಟರು. ಮನೆಗೆ ಬಂದು ಡಬ್ಬಿ ತಿರುಗಿಸಿದರೆ ತಳದಲ್ಲಿ ‘ಮೇಡ್ ಇನ್ ಚೈನಾ’ ಎಂಬ ಸಣ್ಣ ಚೀಟಿ. ಹೆಂಡತಿ ವಾರಪೂರ್ತಿ ನಕ್ಕಳು.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಹಳೇ ಆಟ. 19ನೇ ಶತಮಾನದಲ್ಲಿ ಜರ್ಮನಿಯ ಜೋಲಿಂಗೆನ್‌ನವರೇ ತಮ್ಮ ಅಗ್ಗದ ಚಾಕುಗಳ ಮೇಲೆ, ಚಾಕುವಿಗೆ ಹೆಸರಾದ ಇಂಗ್ಲೆಂಡಿನ ಊರು ‘ಶೆಫೀಲ್ಡ್’ನ ಹೆಸರು ಒತ್ತಿ ಮಾರುತ್ತಿದ್ದರು. ಅದಕ್ಕೇ ಬ್ರಿಟನ್ 1887ರಲ್ಲಿ ಕಾನೂನು ತಂದು, ಹೊರಗಿನ ಮಾಲಿನ ಮೇಲೆ ಹುಟ್ಟಿದ ದೇಶದ ಹೆಸರು ಹಾಕಿಸಿತು. ‘ಮೇಡ್ ಇನ್ ಜರ್ಮನಿ’ ಮೊದಲು ಎಚ್ಚರಿಕೆಯ ಮಾತಾಗಿತ್ತು. ಈಗ ಅದೇ ಹೆಸರನ್ನು ಜಾತ್ರೆಯ ಚಾಕು ಕದಿಯುತ್ತಿದೆ!

ಅಲ್ಲಿಂದ ನನಗೆ ಚಾಕುವಿನ ಹುಚ್ಚು ಹಿಡಿಯಿತು. ನಮ್ಮದು ಕುಷ್ಟಗಿ ಕಡೆ ದಾಳಿಂಬೆ ತೋಟ. ಡ್ರಿಪ್ ಪೈಪು ಕೊಯ್ಯೋದು, ಗೊಬ್ಬರದ ಚೀಲ ಬಿಚ್ಚೋದು, ಸುತಳಿ ಕತ್ತರಿಸೋದು, ಮಧ್ಯಾಹ್ನ ರೊಟ್ಟಿಗೆ ಉಳ್ಳಾಗಡ್ಡಿ ಹೆಚ್ಚೋದು, ಎಲ್ಲಕ್ಕೂ ಜೇಬಿನ ಚಾಕು ಬೇಕು. ಒಂದೊಂದಾಗಿ ಇನ್ನೂ ನಾಲ್ಕು ಸೇರಿದವು: ಫ್ರಾನ್ಸಿನ ಓಪಿನೆಲ್ 8ನೇ ನಂಬರು, ಸ್ವಿಸ್ ವಿಕ್ಟೋರಿನಾಕ್ಸ್ ಪಯೋನಿಯರ್, ಚೀನಾದ್ದೆಂದು ಮುಚ್ಚುಮರೆ ಇಲ್ಲದೆ ಹೇಳಿಕೊಂಡ ಇನ್ನೊಂದು, ನಮ್ಮೂರ ಕಂಬಾರ ಕಾಕಾ ಮಾಡಿದ್ದು.

ಎಲ್ಲವನ್ನೂ ಒಂದೇ ಸಾಣೆಕಲ್ಲಿಗೆ ಹಿಡಿದೆ. ಹಳೇ 16 ಎಂಎಂ ಡ್ರಿಪ್ ಪೈಪಿನ ಸುರುಳಿ ತೆಗೆದು ಒಂದೊಂದರಿಂದ 50 ತುಂಡು ಕೊಯ್ದೆ. ಹತ್ತು ತುಂಡಿಗೊಮ್ಮೆ ಪೇಪರ್ ಕೊಯ್ದು ನೋಡೋದು. ದೊಡ್ಡ ಪರೀಕ್ಷೆ ಏನಲ್ಲ, ಆದರೆ ನಮ್ಮ ಕೆಲಸಕ್ಕೆ ಹತ್ತಿರದ್ದು.

‘ಜರ್ಮನಿ’ ಹತ್ತನೇ ತುಂಡಿಗೇ ಮೊಂಡಾಯಿತು. ಪೇಪರ್ ಕೊಯ್ಯಲಿಲ್ಲ, ಹರಿಯಿತು. ಅದರ ಕತೆ ಇಷ್ಟೇ.

ಇಷ್ಟಕ್ಕೇ ‘ಚೀನಾ ಮಾಲು ಅಂದ್ರೆ ಹೀಗೇ’ ಎಂದು ಮುಗಿಸುತ್ತಿದ್ದೆನೇನೋ. ಆದರೆ ಎರಡನೇ ಚೀನೀ ಚಾಕು 50 ತುಂಡು ಮುಗಿದ ಮೇಲೂ ಪೇಪರ್ ಕೊಯ್ಯಿತು. ಡಬ್ಬಿಯ ಮೇಲೆ ಯಾಂಗ್‌ಜಿಯಾಂಗ್ ಎಂದು ಊರ ಹೆಸರೂ ಇತ್ತು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಆ ಊರು ಚಾಕು ಕತ್ತರಿಗೇ ಹೆಸರಾದದ್ದು. 900 ರೂಪಾಯಿಗೆ ಸ್ಪ್ರಿಂಗು ಬಿಗಿ, ಹಿಡಿಯಲ್ಲಿ ಸಂದಿಲ್ಲ. ಒಂದೇ ದೇಶ, ಎರಡು ಚಾಕು, ಅಜಗಜಾಂತರ. ಒಂದು ಕಾಲಕ್ಕೆ ನಮ್ಮ ಸಂಡೂರು, ಹೊಸಪೇಟೆ ಕಡೆಯ ಅದಿರು ಹಡಗು ಹಡಗು ಚೀನಾಕ್ಕೇ ಹೋಗುತ್ತಿತ್ತು. ಯಾರಿಗೆ ಗೊತ್ತು, ಅದರದೇ ಒಂದು ಚೂರು ಮರಳಿ ಬಂದಿರಬಹುದು.

ಸ್ವಿಸ್ ಚಾಕು ಮೂವತ್ತಕ್ಕೇ ಸೋತಿತು. ನಾಲ್ಕು ಸಾವಿರದ ಹತ್ತಿರ ಕೊಟ್ಟವನಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಬೇಕೆಂದೇ ಅಲಗನ್ನು ತುಸು ಮೆತ್ತಗೆ ಇಡುತ್ತಾರೆ, ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ 56ರ ಆಸುಪಾಸು. ಚಹಾದ ಪಿಂಗಾಣಿ ಕಪ್ಪು ಬೋರಲು ಹಾಕಿ, ತಳದ ಒರಟು ಅಂಚಿಗೆ ನಾಲ್ಕು ಸಲ ಎಳೆದರೆ ಮತ್ತೆ ಹರಿತ. ತುಕ್ಕಿನ ಮಾತೇ ಇಲ್ಲ. ಅದರಲ್ಲೇ ಇರುವ ಸ್ಕ್ರೂಡ್ರೈವರಿನಿಂದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚಬಹುದು. ಇನ್ನೊಂದು ತಮಾಷೆ. ಸ್ವಿಸ್ ಸೈನ್ಯದ ಮೊದಲ ಕಂತಿನ ಚಾಕುಗಳು ಬಂದದ್ದು ಜೋಲಿಂಗೆನ್‌ನಿಂದ! ಅಷ್ಟು ಮಾಲು ಮಾಡುವ ಶಕ್ತಿ ಆಗ ಸ್ವಿಸ್‌ನವರಿಗೆ ಇರಲಿಲ್ಲ. ವಿಕ್ಟೋರಿನಾಕ್ಸ್ ಕಟ್ಟಿದ ಕಾರ್ಲ್ ಎಲ್ಸೆನರ್ ಸೈನ್ಯಕ್ಕೆ ತಮ್ಮದೇ ಚಾಕು ಕೊಡಲು ಶುರು ಮಾಡಿದ್ದು 1891ರಲ್ಲಿ.

ಓಪಿನೆಲ್ ಕೊಯ್ತದಲ್ಲಿ ಎಲ್ಲಕ್ಕಿಂತ ಮುಂದೆ. ತೆಳು ಅಲಗು, ನೂರಕ್ಕೆ 0.9ರಷ್ಟು ಇಂಗಾಲದ ಉಕ್ಕು. 50 ತುಂಡು ಆದಮೇಲೆ ಪರೀಕ್ಷೆ ಅಂತಲೂ ಅನಿಸಲಿಲ್ಲ. ಅದು ಜೋಸೆಫ್ ಓಪಿನೆಲ್ 1890ರಲ್ಲಿ ಫ್ರಾನ್ಸಿನ ಸವೋಯ್ ಬೆಟ್ಟಗಳ ರೈತರಿಗೆಂದು ಮಾಡಿದ ಚಾಕು. ಅಲಗು ಕೈಮೇಲೆ ಮಡಚದಂತೆ ತಡೆಯುವ ಉಂಗುರ ಬಂದದ್ದು 1955ರಲ್ಲಿ. ಆದರೆ ಇದನ್ನು ಜೋಪಾನ ಮಾಡಬೇಕು. ದಾಳಿಂಬೆ ಸಿಪ್ಪೆಯ ಒಗರು ತಾಗಿದರೆ ಕಬ್ಬಿಣ ಶಾಯಿಯಂತೆ ಕಪ್ಪಾಗುತ್ತದೆ, ಒರೆಸದೆ ಇಟ್ಟರೆ ತುಕ್ಕು. ಇದರಿಂದ ಹೆಚ್ಚಿದ ಉಳ್ಳಾಗಡ್ಡಿ ‘ಕಬ್ಬಿಣ ನಾರ್ತದ’ ಎಂದು ಹೆಂಡತಿ ಅಡಿಗೆಮನೆಗೆ ಬಿಡುವುದಿಲ್ಲ. ಒಮ್ಮೆ ಗೊಬ್ಬರ ಕಲಸುವ ತೊಟ್ಟಿಗೆ ಬೀಳಿಸಿದೆ, ತಪ್ಪು ನನ್ನದೇ. ಮರದ ಹಿಡಿ ಉಬ್ಬಿ ಅಲಗು ಹೊರಗೇ ಬರಲಿಲ್ಲ. ಸವೋಯ್ ರೈತರು ಹಿಡಿಯ ಹಿಂದಿನ ತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗು ಎಬ್ಬಿಸುತ್ತಾರಂತೆ. ಬಾವಿಕಟ್ಟೆಗೆ ಕುಟ್ಟಿದೆ, ಬಂತು. ಏಪ್ರಿಲ್ ಬಿಸಿಲಿಗೆ ಅದೇ ಹಿಡಿ ಒಣಗಿ ಸಡಿಲವೂ ಆಯಿತು.

ಇನ್ನು ಕಾಕಾನ ಚಾಕು. ಲಾರಿಯ ಮುರಿದ ಕಮಾನ್ ಪಟ್ಟೆಯ ಅಲಗು, ಜಾಲಿ ಕಟ್ಟಿಗೆಯ ಹಿಡಿ, ಮಧ್ಯೆ ಒಂದು ಮೊಳೆ. ಸ್ಪ್ರಿಂಗ್ ಇಲ್ಲ, ಉಂಗುರ ಇಲ್ಲ. 250 ರೂಪಾಯಿ. ಅವರು ಮಾಡಿಕೊಟ್ಟ ಮೊದಲ ಚಾಕುವಿನ ಬಾಯಿ ಮೂರನೇ ದಿನವೇ ಹಲ್ಲು ಹಲ್ಲಾಗಿ ಮುರಿಯಿತು. ಒಯ್ದು ತೋರಿಸಿದೆ. “ತಮ್ಮಾ, ಇದು ಭಾಳ ಬಿರುಸಾಗೈತಿ. ನೀರಿಗೆ ಅದ್ದಿದ ಮ್ಯಾಲ ಇನ್ನೊಮ್ಮಿ ಸಣ್ಣಗ ಕಾಸಬೇಕಿತ್ತು, ಅವತ್ತು ಸಂತಿಗೆ ಹೊರಟಿದ್ದೆ, ಬಿಟ್ಟೆ” ಎಂದರು. ಅದನ್ನು ಇಟ್ಟುಕೊಂಡು ದುಡ್ಡಿಲ್ಲದೆ ಎರಡನೆಯದು ಮಾಡಿಕೊಟ್ಟರು. ಅದು 40 ತುಂಡಿನ ತನಕ ಬಂತು, ನಾಲ್ಕು ಸಾವಿರದ ಸ್ವಿಸ್‌ಗಿಂತ ಹತ್ತು ಜಾಸ್ತಿ. ಆದರೆ ತಡೆ ಇಲ್ಲದ್ದರಿಂದ ಒಮ್ಮೆ ಮಡಚಿ ತೋರುಬೆರಳಿಗೆ ಬಾಯಿ ಹಾಕಿತು. ಮಕ್ಕಳ ಕೈಗೆ ಇದನ್ನು ಕೊಡಲಾರೆ.

ಇಲ್ಲಿ ನನಗೆ ಒಂದು ಸ್ಪಷ್ಟವಾಯಿತು. ವಿಕ್ಟೋರಿನಾಕ್ಸ್ ಹತ್ತು ಕೊಂಡರೆ ಹತ್ತೂ ಒಂದೇ ಥರ ಇರುತ್ತವೆ, ಅದಕ್ಕೇ ಆ ರೇಟು. ಕಾಕಾನ ಹತ್ತು ಚಾಕು ಹತ್ತು ಥರ, ಯಾಕೆಂದರೆ ಕುಲುಮೆಯಲ್ಲಿ ಕಾದ ಬಣ್ಣವನ್ನು ಅವರು ಕಣ್ಣಿನಿಂದಲೇ ಅಳೆಯುತ್ತಾರೆ. ಜಾತ್ರೆಯ ಚಾಕು ಕೆಟ್ಟಿತೆಂದು ಕೇಳಲು ಮಾತ್ರ ಯಾವ ಬಾಗಿಲೂ ಇಲ್ಲ. ನಾನೀಗ ದೇಶದ ಹೆಸರಿಗಿಂತ ಮೊದಲು ಹುಡುಕುವುದು ಮಾಡಿದವರ ಹೆಸರು.

ಕಾಕಾನಿಗೆ ಒಂದು ಹಳೇ ಸಂಗತಿ ಹೇಳಿದೆ. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಸ್ಟೋಡಾರ್ಟ್ ಎಂಬ ಚಾಕುಗಾರ, ಯುರೋಪಿನ ಒಳ್ಳೇ ಉಕ್ಕಿಗಿಂತ ಇಂಡಿಯಾದ ‘ವೂಟ್ಜ್’ ಉಕ್ಕೇ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ವೂಟ್ಜ್ ಅಂದರೆ ನಮ್ಮ ‘ಉಕ್ಕು’ ಮಾತೇ ಆ ಬಾಯಲ್ಲಿ ತಿರುಚಿದ್ದು ಎನ್ನುತ್ತಾರೆ. ಕಾಕಾ ತಿದಿ ಬಿಟ್ಟು ಕೇಳಿಸಿಕೊಂಡರು. “ಆ ಉಕ್ಕು ಈಗ ಎಲ್ಲಿ ಸಿಗತೈತಿ?” ಎಂದರು. ಸಿಗೋದಿಲ್ಲ ಎಂದೆ. “ಹಂಗಾದ್ರ ಲಾರಿ ಪಟ್ಟೇನ ಇರಲಿ” ಎಂದು ಮತ್ತೆ ತಿದಿ ಒತ್ತಿದರು.

ಸದ್ಯ ಜೇಬಿನಲ್ಲಿ ಸ್ವಿಸ್ ಚಾಕು ಇದೆ, ತೋಟದ ಗೂಟಕ್ಕೆ ಕಾಕಾನದು ನೇತಾಡುತ್ತಿದೆ. ಯಾಂಗ್‌ಜಿಯಾಂಗ್‌ನದ್ದನ್ನು ಭಾವ ಹೊಡೆದುಕೊಂಡು ಹೋದ. ಓಪಿನೆಲ್ ಕಾಕಾನ ಕುಲುಮೆಯಲ್ಲಿದೆ. ಆ ಉಂಗುರ ನೋಡಿ, “ಒಂದು ವಾರ ಬಿಟ್ಟು ಹೋಗು, ನಿನ್ನ ಚಾಕುಕ್ಕೂ ಇಂಥದ್ದೊಂದು ಕೂಡಿಸ್ತೀನಿ” ಎಂದಿದ್ದರು. ಮೂರು ವಾರ ಆಯಿತು.