ಪಂದ್ಯಕ್ಕೆ ಮುಂಚೆ ತೂಕ ಇಳಿಸೋಕೆ ಯಾರು: ಹಳೇ ಫೈಟರಾ, ಡಯಟೀಷಿಯನ್ನಾ?

ಜಾರ್ಜ್ ಲಾಕ್‌ಹಾರ್ಟ್ ಒಂದು ಕಾಲದ ಎಂಎಂಎ (ಹೊಡೆತ, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ಫೈಟರ್. 2015ರಲ್ಲಿ ಐರಿಷ್ ಫೈಟರ್ ಕಾನರ್ ಮೆಕ್‌ಗ್ರೆಗರ್ ತಮ್ಮ ವಿಭಾಗದ ಮಿತಿಯಾದ 145 ಪೌಂಡಿಗೆ ಇಳಿಯುವಾಗ ಜೊತೆಗಿದ್ದವರು. ಇಂಥವರ ಬೆಲೆ ಗೊತ್ತಾಗುವುದು ತೂಕ ನೋಡುವ ಹಿಂದಿನ ರಾತ್ರಿ. ಬೆವರಿಳಿಸಿ ತೂಕ ಕಳೆಯಲು ಬಿಸಿನೀರಿನ ಟಬ್ಬಿನಲ್ಲಿ ಕೂತ ಹುಡುಗನ ತುಟಿ ಒಣಗಿದೆ, ಮಾತು ನಿಂತಿದೆ. ಟಬ್ಬಿನಿಂದ ಎಬ್ಬಿಸಬೇಕಾದ ಹೊತ್ತು ಯಾವುದು ಅಂತ, ಅದನ್ನು ಅನುಭವಿಸಿದವರಿಗೆ ಬೇಗ ತಿಳಿಯುತ್ತದೆ.

ಡಯಟೀಷಿಯನ್ ಆಗ ಪಕ್ಕದಲ್ಲಿರುವುದು ಕಡಿಮೆ. ಆದರೆ ರಕ್ತಪರೀಕ್ಷೆ ನೋಡಿ, ತಿಂಗಳುಗಳ ಮೊದಲೇ ಕೊಬ್ಬು ಕರಗಿಸುವುದರಲ್ಲಿ ಅವರದೇ ಮೇಲುಗೈ.

ತೂಕ ಯಾವಾಗ ನೋಡ್ತಾರೆ ಅನ್ನೋದು ಮುಖ್ಯ ಅಲ್ವಾ? ಎಂಎಂಎ ಪಂದ್ಯ ನಡೆಸುವ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಪಂದ್ಯದ ಹಿಂದಿನ ದಿನ. ಇಳಿಸಿದ ನೀರನ್ನು ಮತ್ತೆ ತುಂಬಿಕೊಳ್ಳಬಹುದು. ಒಲಿಂಪಿಕ್ ಕುಸ್ತಿಯಲ್ಲಿ ಆಡುವ ದಿನ ಬೆಳಿಗ್ಗೆಯೇ, ಎರಡನೇ ದಿನ ಮತ್ತೊಮ್ಮೆ; ನೀರು ತುಂಬಿಕೊಳ್ಳಲು ಹೊತ್ತು ಕಡಿಮೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಬರೀ 100 ಗ್ರಾಂ ಜಾಸ್ತಿಯಾಗಿ ಫೈನಲ್ ಕಳೆದುಕೊಂಡರು. ಕುಸ್ತಿಯವರಾದರೆ ನನ್ನ ಓಟು ಡಯಟೀಷಿಯನ್‌ಗೆ. ಎಂಎಂಎಗೆ ಹಳೇ ಫೈಟರೇ ಸರಿ, ಸುಮ್ನೆ ಬೆವರಿಳಿಸೋದಷ್ಟೇ ಗೊತ್ತಿರುವವರು ಬೇಡ.