ಡೊಂಬಿವಲಿ ಲೋಕಲ್‌ನಲ್ಲಿ ಪ್ರಾಚೆಟ್: ಪುಸ್ತಕವೋ, ಕಿಂಡಲ್ಲೋ, ಆಡಿಯೊನೋ?

ನಾಲ್ಕು ಆನೆಗಳ ಬೆನ್ನ ಮೇಲೆ ತಟ್ಟೆಯಂಥ ಒಂದು ಲೋಕ. ಆನೆಗಳು ನಿಂತಿರುವುದು ದೊಡ್ಡ ಆಮೆಯ ಮೇಲೆ. ಕೂರ್ಮಾವತಾರ, ದಿಗ್ಗಜಗಳ ಕತೆ ಕೇಳಿ ಬೆಳೆದ ನಮಗೆ ಇದು ನಮ್ಮದೇ ಅನಿಸುತ್ತೆ, ಅಲ್ವಾ? ಇಂಗ್ಲಿಷ್ ಕಾದಂಬರಿಕಾರ ಟೆರಿ ಪ್ರಾಚೆಟ್ ಮೊದಲ ಪುಟಕ್ಕೇ ನನ್ನನ್ನು ಒಲಿಸಿಕೊಂಡಿದ್ದು ಹೀಗೆ. 1983ರಿಂದ 2015ರವರೆಗೆ ಈ ಡಿಸ್ಕ್‌ವರ್ಲ್ಡ್‌ನ 41 ಕಾದಂಬರಿಗಳು ಬಂದವು. ನಾನು ಓದಿದ್ದೆಲ್ಲ ಹೆಚ್ಚಾಗಿ ಮುಂಬೈನ ಡೊಂಬಿವಲಿ–ಸಿಎಸ್‌ಎಂಟಿ ಲೋಕಲ್ ರೈಲಿನಲ್ಲೇ, ಮೂರು ಥರ.

ಮೊದಲು ಸಿಕ್ಕಿದ್ದು ‘ಮಾರ್ಟ್’, ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನ ಹಳೇ ಪುಸ್ತಕದ ರಾಶಿಯಲ್ಲಿ. ಪ್ರಾಚೆಟ್ ಅಂದರೆ ಅಡಿಟಿಪ್ಪಣಿ. ಕತೆ ಹೇಳುತ್ತಲೇ ಪಕ್ಕಕ್ಕೆ ಬಾಗಿ ಕಿವಿಯಲ್ಲಿ ಇನ್ನೊಂದು ಮಾತು ಉಸುರಿದ ಹಾಗೆ. ಪುಸ್ತಕದಲ್ಲಾದರೆ ಕಣ್ಣು ಕೆಳಗಿಳಿಸಿದರೆ ಸಾಕು. ಇನ್ನು ಸಾವು. ಅಲ್ಲಿ ಅವನೊಬ್ಬ ಪಾತ್ರ. ಮಾತಾಡುವುದು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ. ಪುಟ ತಿರುಗಿಸಿದ ಕೂಡಲೇ, ಓದುವ ಮೊದಲೇ, ಅವನು ಬಂದಿರುವುದು ಕಾಣುತ್ತದೆ. ಮೈ ಜುಮ್ಮೆನ್ನುತ್ತದೆ. ಆದರೆ ಥಾಣೆ ಸ್ಟೇಷನ್‌ನಲ್ಲಿ ಜನ ನುಗ್ಗಿದ ಮೇಲೆ ಎರಡು ಕೈ ಬಿಡಿಸುವುದೆಲ್ಲಿ? ನನ್ನ ‘ಮಾರ್ಟ್’ನ ಮುಖಪುಟ ಹರಿದದ್ದು ಹಾಗೇ.

ಇ-ಪುಸ್ತಕ ಓದುವ ಕಿಂಡಲ್ ಒಂದೇ ಕೈಗೆ ಸಾಕು. ಅವರ ಹೆಚ್ಚಿನ ಕಾದಂಬರಿಗಳಲ್ಲಿ ಅಧ್ಯಾಯಗಳೇ ಇಲ್ಲ. ದಾದರ್ ಬಂದಾಗ ಎಲ್ಲಿ ನಿಲ್ಲಿಸಿದರೂ ಅದು ಜಾಗ ನೆನಪಿಟ್ಟುಕೊಳ್ಳುತ್ತದೆ. ಅಡಿಟಿಪ್ಪಣಿಯ ಪುಟ್ಟ ಗುರುತು ಒತ್ತಲು ಹೋದರೆ ಮಾತ್ರ ಪುಟವೇ ಮಗುಚಿಕೊಳ್ಳುತ್ತದೆ.

ಆಡಿಯೊ ಮೇಲೆ ನನಗೆ ಆಸೆಯೇ ಇರಲಿಲ್ಲ. ಸುಮ್ನೆ ಹಾಕಿದೆ. ಹೊಸ ಧ್ವನಿಮುದ್ರಣಗಳಲ್ಲಿ ಅಡಿಟಿಪ್ಪಣಿಗಳನ್ನು ಓದುವವರು ನಟ ಬಿಲ್ ನೈ, ಸಾವಿನ ದನಿ ಪೀಟರ್ ಸೆರಾಫಿನೋವಿಚ್ ಅವರದು. ಆ ತಗ್ಗಿದ ದನಿ ಬಂತೆಂದರೆ ಡಬ್ಬಿಯ ಗದ್ದಲವೆಲ್ಲ ದೂರ.

ಪ್ರಾಚೆಟ್‌ಗೆ ಆಲ್‌ಝೈಮರ್ಸ್ ಇದೆ ಅಂತ 2007ರಲ್ಲಿ ಗೊತ್ತಾಯಿತು. ಟೈಪ್ ಮಾಡುವುದು ಕೈತಪ್ಪಿತು. ಆಮೇಲೆ ಬಾಯಲ್ಲಿ ಹೇಳಿ ಬರೆಸಿದರು, ನಿಲ್ಲಿಸಲಿಲ್ಲ. 2015ರ ಮಾರ್ಚ್ 12ಕ್ಕೆ ತೀರಿಕೊಂಡರು. ಕೊನೆಯ ‘ದಿ ಶೆಫರ್ಡ್ಸ್ ಕ್ರೌನ್’ ಬಂದದ್ದು ಅದರ ನಂತರ. ಅದನ್ನು ನಾನು ಕೇಳಿಯೇ ಮುಗಿಸಿದೆ, ಥಾಣೆ ದಾಟಿದ ಮೇಲೆ ಬಾಗಿಲ ಬಳಿ ನಿಂತು, ಕಣ್ಣೊರೆಸಿಕೊಳ್ಳುತ್ತಾ. ಬಾಯಲ್ಲಿ ಹುಟ್ಟಿದ್ದನ್ನು ಕಿವಿಯಲ್ಲೇ ತಗೊಳ್ಳಬೇಕು. ಕೊನೆಯ ಪುಸ್ತಕಗಳಿಗೆ ಆಡಿಯೊ. ಉಳಿದದ್ದಕ್ಕೆ ನನ್ನ ಮತ ಕಾಗದಕ್ಕೇ, ಸೀಟು ಸಿಗುವ ದಿನ.

ಇಂಗ್ಲಿಷ್ ಬಾರದ ಅಮ್ಮನಿಗೆ ರಾತ್ರಿ ಕನ್ನಡದಲ್ಲಿ ಕತೆ ಹೇಳುತ್ತೇನೆ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲವಲ್ಲ, ಸಾವು ಮಾತಾಡುವಾಗ ದನಿ ಇಳಿಸಿ ನಿಧಾನ ಹೇಳುತ್ತೇನೆ. ಮೊನ್ನೆ ಅಮ್ಮ ಬಟಾಣಿ ಸುಲಿಯುವುದು ನಿಲ್ಲಿಸಿ ಕೇಳಿದರು, “ಅವನು ಒಳ್ಳೆಯವನೇನೋ?”

“ಹೌದಮ್ಮ. ಬೆಕ್ಕು ಅಂದ್ರೆ ಅವನಿಗೆ ಪ್ರಾಣ.”